ಭಂಗಾರ ಮತ್ತು ಬಂಗಾರ: ನಮ್ಮ ಊರುಗಳ ಕಸದ ವಿಜ್ಞಾನ

ಮರಾಠಿಯಲ್ಲಿ ‘ಭಂಗಾರ’ ಅಂದರೆ ಗುಜರಿ ಸಾಮಾನು. ಕನ್ನಡದಲ್ಲಿ ‘ಬಂಗಾರ’ ಅಂದರೆ ಚಿನ್ನ. ಎರಡೂ ಭಾಷೆಗಳ ನಡುವೆ ಬೆಳೆಯುವ ಗಡಿಭಾಗದ ಮಕ್ಕಳಿಗೆ ಈ ಎರಡೂ ಶಬ್ದ ಗೊತ್ತು. ಇವೆರಡರ ನಡುವೆ ಇರುವುದು ಒಂದೇ ಒಂದು ಮಹಾಪ್ರಾಣದ ವ್ಯತ್ಯಾಸ!

ಓಣಿಯಲ್ಲಿ ಕೂಗುತ್ತ ಬರುವ ಭಂಗಾರದವನ ವ್ಯಾಪಾರವನ್ನು ಸ್ವಲ್ಪ ಗಮನಿಸಿ ನೋಡಿ. ರದ್ದಿ ಕಾಗದಕ್ಕೆ ಒಂದು ದರ, ಕಬ್ಬಿಣಕ್ಕೆ ಇನ್ನೊಂದು, ತಾಮ್ರದ ತಂತಿಗೆ ಎಲ್ಲಕ್ಕಿಂತ ಹೆಚ್ಚು. ಆದರೆ ಅದೇ ರದ್ದಿ ಸಾರಿನಲ್ಲಿ ತೊಯ್ದಿದ್ದರೆ? “ಇದು ಬ್ಯಾಡ್ರಿ” ಅಂತ ಪಕ್ಕಕ್ಕೆ ಇಡುತ್ತಾನೆ. ಕಾಗದ ಅದೇ, ತೂಕ ಇನ್ನೂ ಹೆಚ್ಚೇ ಆಗಿದೆ, ಆದರೂ ಬೆಲೆ ಸೊನ್ನೆ. ಯಾಕೆ? ಬೇರೆಯ ವಸ್ತು ಅದರಲ್ಲಿ ಬೆರೆತಿದೆ.

ಕಸದ ವಿಜ್ಞಾನದ ಮೊದಲ ಪಾಠ ಇದೇ. ಬೇರೆ ಬೇರೆ ಇದ್ದಾಗ ಅದು ಸರಕು, ಬೆರೆತಾಗ ಅದು ಕಸ. ಒಂದು ಹಿಡಿ ಜೋಳವನ್ನೂ ಒಂದು ಹಿಡಿ ರಾಗಿಯನ್ನೂ ಬೆರೆಸುವುದು ಒಂದು ಕ್ಷಣದ ಕೆಲಸ. ಮತ್ತೆ ಬೇರೆ ಮಾಡಲು ಕುಳಿತರೆ ಅರ್ಧ ದಿನ ಬೇಕು. ಬೆರೆಸುವುದು ಸುಲಭ, ಬಿಡಿಸುವುದಕ್ಕೆ ಶ್ರಮ, ಶಕ್ತಿ ಮತ್ತು ಹಣ ಬೇಕು. ಆದ್ದರಿಂದ ಕಸ ಹುಟ್ಟುವ ಜಾಗದಲ್ಲೇ ಅದನ್ನು ಬೇರೆಯಾಗಿ ಇಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಇಚಲಕರಂಜಿಯ ಹತ್ತಿರ ಹುಪರಿ ಎಂಬ ಊರಿದೆ. ಬೆಳ್ಳಿ ಕೆಲಸಕ್ಕೆ ದೇಶದಲ್ಲೆಲ್ಲ ಹೆಸರಾದ ಊರು. ಬೆಳ್ಳಿ ಕೆಲಸ ಮಾಡುವವರು ಅಂಗಡಿಯ ನೆಲ ಗುಡಿಸಿದ ಧೂಳನ್ನೂ ಹೊರಗೆ ಚೆಲ್ಲುವುದಿಲ್ಲ. ಅರದಿಂದ ಉಜ್ಜಿದಾಗ ಉದುರಿದ ಬೆಳ್ಳಿಯ ಕಣಗಳು ಅದರಲ್ಲಿ ಇರುತ್ತವೆ. ಧೂಳನ್ನು ಕೂಡಿಟ್ಟು, ಜಾಲಿಸಿ, ಕರಗಿಸಿ ಬೆಳ್ಳಿಯನ್ನು ಮರಳಿ ತೆಗೆಯುತ್ತಾರೆ. ನಮ್ಮ ಮನೆಯ ಮುಸುರಿ, ಹೋಟೆಲ್ಲಿನ ಎಣ್ಣೆ, ಮಗ್ಗದ ನೂಲಿನ ತುಂಡು, ಫೌಂಡ್ರಿಯ ಮರಳು ಇವುಗಳನ್ನೂ ಅದೇ ಕಣ್ಣಿನಿಂದ ನೋಡಲು ಬರುತ್ತದೆಯೇ? ಬನ್ನಿ, ನೋಡೋಣ.

ಬೆರೆತ ಕಸದ ರಾಶಿಯಲ್ಲಿ ಏನಾಗುತ್ತದೆ?

ಕೊಲ್ಹಾಪುರದವರಿಗೆ ಕಸಬಾ ಬಾವಡಾದ ಕಸದ ಗುಡ್ಡ ಗೊತ್ತು. ಊರಿನ ಕಸ ವರ್ಷಗಟ್ಟಲೆ ಅಲ್ಲಿಗೆ ಹೋಗಿದೆ. ಎಲ್ಲ ಊರುಗಳಿಗೂ ಇಂಥ ಒಂದು ಜಾಗ ಇದ್ದೇ ಇರುತ್ತದೆ.

ಇಂಥ ರಾಶಿಯ ಮೇಲ್ಪದರದಲ್ಲಿ ಗಾಳಿ ಆಡುತ್ತದೆ. ಒಳಗೆ ಗಾಳಿ ಇಲ್ಲ. ಅಲ್ಲಿ ಆಕ್ಸಿಜನ್ ಬೇಡದ ಬ್ಯಾಕ್ಟೀರಿಯಗಳು ಅನ್ನ, ರೊಟ್ಟಿ, ತರಕಾರಿ ಸಿಪ್ಪೆಗಳನ್ನು ಕೊಳೆಸುತ್ತವೆ. ಆಗ ಮೀಥೇನ್ ಅನಿಲ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಮೀಥೇನ್ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ವಾತಾವರಣದಲ್ಲಿ ಹಿಡಿದಿಡುತ್ತದೆ. ಅದು ಉರಿಯುವ ಅನಿಲವೂ ಹೌದು. ಬೇಸಿಗೆಯಲ್ಲಿ ಕಸದ ರಾಶಿಗಳಿಗೆ ಬೆಂಕಿ ಹತ್ತುವುದಕ್ಕೆ ಇದೂ ಒಂದು ಕಾರಣ. ಜೊತೆಗೆ ಪ್ಲಾಸ್ಟಿಕ್ ಸುಟ್ಟರೆ ಬರುವ ವಿಷದ ಹೊಗೆ ಬೇರೆ.

ಮಳೆ ಬಿದ್ದಾಗ ಇನ್ನೊಂದು ಕೆಲಸ ನಡೆಯುತ್ತದೆ. ನೀರು ರಾಶಿಯೊಳಗೆ ಇಳಿದು, ಕೊಳೆತ ಪದಾರ್ಥ, ಬ್ಯಾಟರಿಯ ಲೋಹ, ಬಣ್ಣ, ಔಷಧಿ ಎಲ್ಲವನ್ನೂ ಕರಗಿಸಿಕೊಂಡು ಕಪ್ಪು ರಸವಾಗಿ ಕೆಳಗೆ ಹರಿಯುತ್ತದೆ. ಅದು ಬಾವಿಗೆ, ಹಳ್ಳಕ್ಕೆ, ಕೊನೆಗೆ ನದಿಗೆ ಸೇರುತ್ತದೆ.

ನದಿಯ ದಾರಿಯನ್ನು ನಕ್ಷೆಯಲ್ಲಿ ಬೆರಳಿಟ್ಟು ನೋಡಿ. ಪ್ರಯಾಗ ಚಿಖಲಿಯಲ್ಲಿ ಹುಟ್ಟುವ ಪಂಚಗಂಗಾ ಕೊಲ್ಹಾಪುರ, ಇಚಲಕರಂಜಿ ದಾಟಿ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮುಂದೆ ಕೃಷ್ಣೆ ಚಿಕ್ಕೋಡಿ, ಅಥಣಿ, ಜಮಖಂಡಿ ಭಾಗದ ಹೊಲಗಳಿಗೆ ನೀರುಣಿಸುತ್ತ ಆಲಮಟ್ಟಿಗೆ ಹೋಗುತ್ತದೆ. ಗಡಹಿಂಗ್ಲಜದ ಹಿರಣ್ಯಕೇಶಿ ಸಂಕೇಶ್ವರದ ಕಡೆ ಹರಿದು, ಘಟಪ್ರಭೆಗೆ ಕೂಡಿ, ಕೊನೆಗೆ ಅದೇ ಕೃಷ್ಣೆಗೆ ಬರುತ್ತದೆ. ಮೇಲಿನ ಊರಿನವರು ಚೆಲ್ಲಿದ್ದು ಕೆಳಗಿನ ಊರಿನವರ ಕೊಡಕ್ಕೆ ಬರುತ್ತದೆ. ಮೇಲೂ ನಮ್ಮವರೇ, ಕೆಳಗೂ ನಮ್ಮವರೇ. 2012ರ ಬೇಸಿಗೆಯಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ರೋಗ ಹರಡಿ ಜನ ಸತ್ತದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಕುಡಿಯುವ ನೀರು ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಮನೆಯಲ್ಲಿ: ಮೂರು ಬುಟ್ಟಿಯ ಲೆಕ್ಕ

ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿಯಮಗಳು ಪ್ರತಿ ಮನೆಯವರೂ ಕಸವನ್ನು ಮೂರು ಭಾಗ ಮಾಡಬೇಕು ಅಂತ ಹೇಳಿದವು. ಈ ನಿಯಮಗಳ ಹಿಂದೆ ಒಂದು ಕಥೆ ಇದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಇಂಜಿನಿಯರ್ ಮಹಿಳೆ 1996ರಲ್ಲಿ ಊರುಗಳ ಕಸದ ಬಗ್ಗೆ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅಲ್ಲಿಂದಲೇ ದೇಶದಲ್ಲಿ ಕಸಕ್ಕೆ ನಿಯಮ ಮಾಡುವ ಕೆಲಸ ಚುರುಕಾಯಿತು.

ಮೊದಲನೆಯದು ಹಸಿ ಕಸ: ಸಿಪ್ಪೆ, ಉಳಿದ ಅನ್ನ, ಚಹಾ ಪುಡಿ, ಹೂವು. ಎರಡನೆಯದು ಒಣ ಕಸ: ಕಾಗದ, ಪ್ಲಾಸ್ಟಿಕ್, ಗಾಜು, ಲೋಹ, ಬಟ್ಟೆ. ಮೂರನೆಯದು ಅಪಾಯದ ಕಸ: ಬ್ಯಾಟರಿ ಸೆಲ್, ಹಾಳಾದ ಟ್ಯೂಬ್‌ಲೈಟ್, ಅವಧಿ ಮುಗಿದ ಔಷಧಿ, ಬಣ್ಣದ ಡಬ್ಬಿ, ಸೂಜಿ. ಸ್ಯಾನಿಟರಿ ಪ್ಯಾಡ್ ಮತ್ತು ಮಕ್ಕಳ ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ, ಗುರುತು ಮಾಡಿ ಬೇರೆಯಾಗಿಯೇ ಕೊಡಬೇಕು. ಬೆಳಿಗ್ಗೆ ಬರುವ ಘಂಟಾಗಾಡಿಗೆ ಇವನ್ನು ಬೇರೆ ಬೇರೆಯಾಗಿ ಕೊಟ್ಟರೆ ಮುಂದಿನ ಅರ್ಧ ಕೆಲಸ ಅಲ್ಲೇ ಮುಗಿಯಿತು.

ನಮ್ಮ ದೇಶದ ಊರುಗಳ ಕಸದಲ್ಲಿ ಸುಮಾರು ಅರ್ಧದಷ್ಟು ಹಸಿ ಕಸವೇ. ಅದನ್ನು ಮನೆಯಲ್ಲೇ ಗೊಬ್ಬರ ಮಾಡಿದರೆ ಗಾಡಿಯ ಭಾರ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಅಜ್ಜ-ಅಜ್ಜಿಯರ ತಿಪ್ಪೆಗುಂಡಿ ಮಾಡುತ್ತಿದ್ದದ್ದು ಇದನ್ನೇ. ಹಿತ್ತಲು ಇಲ್ಲದ ಪಟ್ಟಣದ ಮನೆಯಲ್ಲಿ ತಳಕ್ಕೂ ಬದಿಗೂ ತೂತು ಮಾಡಿದ ಒಂದು ಹಳೆಯ ಬಕೆಟ್ ಸಾಕು.

ಇಲ್ಲಿ ಒಂದು ಲೆಕ್ಕವಿದೆ. ಸೂಕ್ಷ್ಮಜೀವಿಗಳಿಗೆ ಶಕ್ತಿಗಾಗಿ ಇಂಗಾಲ ಬೇಕು, ಮೈ ಬೆಳೆಸಲು ಸಾರಜನಕ ಬೇಕು. ಸುಮಾರು 25ರಿಂದ 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇದ್ದರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಅಡುಗೆಮನೆಯ ಕಸದಲ್ಲಿ ಸಾರಜನಕ ಹೆಚ್ಚು. ಒಣ ಎಲೆ, ಕಬ್ಬಿನ ಸಿಪ್ಪೆ, ಮರದ ಹೊಟ್ಟು ಇವುಗಳಲ್ಲಿ ಇಂಗಾಲ ಹೆಚ್ಚು. ಆದ್ದರಿಂದ ಒಂದು ಪದರ ಹಸಿ ಕಸ ಹಾಕಿದರೆ ಅದರ ಮೇಲೆ ಅಷ್ಟೇ ಅಥವಾ ಸ್ವಲ್ಪ ಹೆಚ್ಚು ಒಣ ಎಲೆ ಹಾಕಬೇಕು. ಕಬ್ಬಿನ ನಾಡಿನಲ್ಲಿರುವ ನಮಗೆ ಒಣ ರವದಿಗೆ ಕೊರತೆಯೇ?

ಗೊಬ್ಬರದ ಬಕೆಟ್ ನಾರುತ್ತಿದೆಯೇ? ಒಳಗೆ ಗಾಳಿ ಇಲ್ಲ, ನೀರು ಹೆಚ್ಚಾಗಿದೆ ಅಂತ ಅರ್ಥ. ಒಣ ಎಲೆ ಹಾಕಿ, ಕೋಲಿನಿಂದ ತಿರುವಿ. ಏನೂ ಆಗದೆ ಒಣಗಿ ಕೂತಿದೆಯೇ? ಸ್ವಲ್ಪ ನೀರು ಚಿಮುಕಿಸಿ. ಹಿಂಡಿದ ಬಟ್ಟೆಯಷ್ಟು ತೇವ ಇದ್ದರೆ ಸರಿ. ದೊಡ್ಡ ರಾಶಿಯಾದರೆ ಒಳಗಿನ ಉಷ್ಣತೆ 55ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಆ ಕಾವಿಗೆ ರೋಗದ ಕ್ರಿಮಿಗಳೂ ಕಳೆಯ ಬೀಜಗಳೂ ಸಾಯುತ್ತವೆ. ಎರಡು ಮೂರು ತಿಂಗಳಲ್ಲಿ ಮೊದಲ ಮಳೆಯ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ.

ಅಂಗಡಿ, ಹೋಟೆಲ್, ಮಾರುಕಟ್ಟೆ, ದೇವಸ್ಥಾನ

ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಹೋಟೆಲ್, ಮಂಗಲ ಕಾರ್ಯಾಲಯ, ಮಾರುಕಟ್ಟೆ, ಹಾಸ್ಟೆಲ್‌ಗಳನ್ನು ನಿಯಮಗಳು ‘ದೊಡ್ಡ ಕಸ ಉತ್ಪಾದಕರು’ ಅಂತ ಕರೆಯುತ್ತವೆ. ಇಂಥವರು ಹಸಿ ಕಸವನ್ನು ಸಾಧ್ಯವಾದಷ್ಟು ತಮ್ಮ ಆವರಣದಲ್ಲೇ ಗೊಬ್ಬರ ಅಥವಾ ಬಯೋಗ್ಯಾಸ್ ಮಾಡಬೇಕು. ಗಾಳಿಯಿಲ್ಲದೆ ಕೊಳೆಸಿದರೆ ಮೀಥೇನ್ ಬರುತ್ತದೆ ಅಂದೆವಲ್ಲ, ಅದನ್ನೇ ಮುಚ್ಚಿದ ತೊಟ್ಟಿಯಲ್ಲಿ ಮಾಡಿದರೆ ಅನಿಲ ಒಲೆಗೆ ಬರುತ್ತದೆ. ರಾಶಿಯಲ್ಲಿ ಶತ್ರುವಾದದ್ದು ಅಡುಗೆಮನೆಯಲ್ಲಿ ಗೆಳೆಯ! ನಿಮ್ಮ ಊರಿನ ಗೋಬರ್ ಗ್ಯಾಸ್ ತೊಟ್ಟಿಯ ತತ್ವವೂ ಇದೇ.

ಭಜಿ, ವಡಾ ಕರಿದ ಎಣ್ಣೆಯ ಮಾತು ಬೇರೆ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ದೇಹಕ್ಕೆ ಕೆಡುಕು ಮಾಡುವ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇಕಡಾ 25 ದಾಟಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ಇದೆ. ಅದನ್ನು ಮೋರಿಗೆ ಸುರಿದರೆ ಕೊಳವೆ ಕಟ್ಟುತ್ತದೆ, ನೀರಿನ ಮೇಲೆ ಪದರ ಕಟ್ಟಿ ಗಾಳಿ ತಡೆಯುತ್ತದೆ. ಡಬ್ಬಿಯಲ್ಲಿ ಕೂಡಿಟ್ಟು ಮಾನ್ಯತೆ ಪಡೆದ ಸಂಗ್ರಹಕಾರರಿಗೆ ಕೊಟ್ಟರೆ ಅದರಿಂದ ಬಯೋಡೀಸೆಲ್ ತಯಾರಾಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಇದಕ್ಕೆ ಯೋಜನೆ ಆರಂಭಿಸಿದೆ.

ದೇವರ ಹೂವು, ಪತ್ರಿ, ಹಾರಗಳ ನಿರ್ಮಾಲ್ಯವೂ ಒಳ್ಳೆಯ ಹಸಿ ಕಸವೇ. ದಾರ ಮತ್ತು ಪ್ಲಾಸ್ಟಿಕ್ ತೆಗೆದರೆ ಗೊಬ್ಬರವಾಗುತ್ತದೆ. ಗಣೇಶ ಹಬ್ಬದಲ್ಲಿ ಕೊಲ್ಹಾಪುರದ ಜನ ಮೂರ್ತಿಗಳನ್ನು ಪಂಚಗಂಗೆಯಲ್ಲಿ ಬಿಡದೆ ದಾನ ಕೊಡುವ, ನಿರ್ಮಾಲ್ಯವನ್ನು ಬೇರೆ ಕೂಡಿಸುವ ಪದ್ಧತಿಯನ್ನು ಬೆಳೆಸಿದ್ದಾರೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ನೀರಿನಲ್ಲಿ ಬೇಗ ಕರಗುವುದಿಲ್ಲ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಇದಕ್ಕೊಂದು ದಾರಿ ತೋರಿಸಿದೆ. ಬೇಕರಿಯಲ್ಲಿ ಬಳಸುವ ಅಮೋನಿಯಂ ಬೈಕಾರ್ಬೊನೇಟ್ ಕರಗಿಸಿದ ನೀರಿನಲ್ಲಿ ಮೂರ್ತಿಯನ್ನು ಇಟ್ಟರೆ ಅದು ಕೆಲವು ದಿನಗಳಲ್ಲಿ ಕರಗಿ ಎರಡು ವಸ್ತುಗಳಾಗುತ್ತದೆ. ಒಂದು ಅಮೋನಿಯಂ ಸಲ್ಫೇಟ್, ಅಂದರೆ ಗೊಬ್ಬರ. ಇನ್ನೊಂದು ಕ್ಯಾಲ್ಸಿಯಂ ಕಾರ್ಬೊನೇಟ್. ಹತ್ತನೆಯ ತರಗತಿಯವರು ಇದರ ಸಮೀಕರಣ ಬರೆದು ಸರಿದೂಗಿಸಿ ನೋಡಿ.

ಇಚಲಕರಂಜಿಯ ಗಂಜಿ

ಇಚಲಕರಂಜಿ ಅಂದರೆ ಪವರ್‌ಲೂಮ್. ಮಗ್ಗದಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಹಾಸಿನ ನೂಲು ಉಜ್ಜಿ ಉಜ್ಜಿ ಹರಿಯಬಾರದು ಅಂತ ಅದಕ್ಕೆ ಗಂಜಿ ಹಾಕುತ್ತಾರೆ. ಊರಿನವರು ಇದಕ್ಕೆ ‘ಸೈಜಿಂಗ್’ ಅನ್ನುತ್ತಾರೆ. ಬಟ್ಟೆ ನೇಯ್ದಾದ ಮೇಲೆ ಬಣ್ಣ ಹಾಕುವ ಮೊದಲು ಆ ಗಂಜಿಯನ್ನು ಅಮೈಲೇಸ್ ಎಂಬ ಕಿಣ್ವದಿಂದ ತೊಳೆದು ತೆಗೆಯುತ್ತಾರೆ. ಹೌದು, ನಿಮ್ಮ ಬಾಯಿಯ ಜೊಲ್ಲಿನಲ್ಲಿ ಇರುವ ಕಿಣ್ವದ ಜಾತಿಯದೇ.

ಗಂಜಿ ವಿಷವಲ್ಲ, ನಾವೇ ಕುಡಿಯುತ್ತೇವೆ. ಹಾಗಾದರೆ ನದಿಗೆ ಬಿಟ್ಟರೆ ಏನು ತೊಂದರೆ? ಒಂದು ಲೆಕ್ಕ ಮಾಡೋಣ. 1 ಗ್ರಾಂ ಪಿಷ್ಟವನ್ನು ಬ್ಯಾಕ್ಟೀರಿಯಗಳು ಪೂರ್ತಿ ತಿಂದು ಮುಗಿಸಲು ಸುಮಾರು 1.2 ಗ್ರಾಂ, ಅಂದರೆ 1200 ಮಿಲಿಗ್ರಾಂ ಆಕ್ಸಿಜನ್ ಬೇಕು. ನಮ್ಮ ಹವೆಯಲ್ಲಿ 1 ಲೀಟರ್ ಶುದ್ಧ ನದಿ ನೀರಿನಲ್ಲಿ ಕರಗಿರುವ ಆಕ್ಸಿಜನ್ ಸುಮಾರು 8 ಮಿಲಿಗ್ರಾಂ ಅಷ್ಟೇ. 1200 ಭಾಗಿಸು 8, ಉತ್ತರ 150. ಒಂದು ಚಿಟಿಕೆ ಗಂಜಿ 150 ಲೀಟರ್ ನೀರಿನ ಉಸಿರನ್ನು ಹೀರಬಲ್ಲದು! ನಿಂತ ನೀರಿನಲ್ಲಿ ಗಾಳಿಯಿಂದ ಅಷ್ಟು ಬೇಗ ಆಕ್ಸಿಜನ್ ಮರಳಿ ಸೇರುವುದಿಲ್ಲ. ಬೇಸಿಗೆಯಲ್ಲಿ ಹರಿವು ಇಳಿದಾಗ ಪಂಚಗಂಗೆಯಲ್ಲಿ ಮೀನು ಸತ್ತು ತೇಲಿದ ಸುದ್ದಿ ಓದಿದರೆ ಈ ಭಾಗಾಕಾರ ನೆನಪಿರಲಿ. ಮನೆಯ ಮುಸುರಿ ನೀರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಕಾರ್ಖಾನೆಯ ನೀರನ್ನು ಶುದ್ಧೀಕರಣ ಘಟಕದಲ್ಲಿ ಗಾಳಿ ಊದಿ, ಬ್ಯಾಕ್ಟೀರಿಯಗಳಿಗೆ ತಿನ್ನಿಸಿ, ಸೋಸಿ ಮತ್ತೆ ಕಾರ್ಖಾನೆಗೇ ಬಳಸುವುದು ಇದಕ್ಕೆ ಉತ್ತರ.

ಮಗ್ಗದ ಕೆಳಗೆ ಬೀಳುವ ನೂಲಿನ ತುಂಡು, ಬಟ್ಟೆಯ ಅಂಚು, ಚಿಂದಿ ಇವೂ ಹಾಳಲ್ಲ. ಯಂತ್ರ ಒರೆಸಲು ಗ್ಯಾರೇಜಿಗೆ ಹೋಗುತ್ತವೆ, ಗಾದಿ ತುಂಬಲು ಹೋಗುತ್ತವೆ. ಬಿಡಿಸಿ ಎಳೆ ಮಾಡಿ ಮತ್ತೆ ನೂಲಬಹುದು. ಹರಿಯಾಣದ ಪಾಣಿಪತ್ ಹಳೆಯ ಬಟ್ಟೆಯಿಂದ ನೂಲು, ಕಂಬಳಿ ಮಾಡುವುದರಲ್ಲಿ ಹೆಸರಾಗಿದೆ. ಆದರೆ ಹತ್ತಿಯೂ ಪಾಲಿಯೆಸ್ಟರೂ ಒಂದೇ ನೂಲಿನಲ್ಲಿ ಬೆರೆತಿದ್ದರೆ ಬಿಡಿಸುವುದು ಕಷ್ಟ. ಮತ್ತೆ ಅದೇ ಮೊದಲ ಪಾಠ.

ಫೌಂಡ್ರಿಯ ಮರಳು, ಕಾರ್ಖಾನೆಯ ಕಬ್ಬು

ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾಂವ ಕೈಗಾರಿಕಾ ಪ್ರದೇಶಗಳಲ್ಲಿ ಫೌಂಡ್ರಿಗಳು ಬಹಳ. ಇವು ಕಬ್ಬಿಣದ ಭಂಗಾರವನ್ನೇ ಕರಗಿಸಿ ವಾಹನ, ಪಂಪು, ಯಂತ್ರಗಳ ಭಾಗ ಎರಕ ಹೊಯ್ಯುತ್ತವೆ. ನಿಮ್ಮ ಓಣಿಯಿಂದ ಹೋದ ಮುರಿದ ಸೈಕಲ್ ಮುಂದೆ ನೀರೆತ್ತುವ ಪಂಪಾಗಿ ಬಂದಿರಬಹುದು. ಲೋಹದ ದೊಡ್ಡ ಗುಣ ಇದು. ಎಷ್ಟು ಸಲ ಕರಗಿಸಿದರೂ ಲೋಹ ಲೋಹವೇ. ಅಲ್ಯೂಮಿನಿಯಂ ಅನ್ನು ಅದಿರಿನಿಂದ ತೆಗೆಯುವುದಕ್ಕಿಂತ ಹಳೆಯದನ್ನು ಕರಗಿಸಿದರೆ ಸುಮಾರು ಶೇಕಡಾ 95ರಷ್ಟು ಶಕ್ತಿ ಉಳಿಯುತ್ತದೆ. ಕಾಗದಕ್ಕೆ ಆ ಭಾಗ್ಯವಿಲ್ಲ. ಪ್ರತಿ ಸಲ ಅದರ ನಾರು ಗಿಡ್ಡವಾಗುತ್ತ ಹೋಗಿ ಐದಾರು ಸುತ್ತಿಗೆ ಮುಗಿಯುತ್ತದೆ.

ಎರಕದ ಅಚ್ಚಿಗೆ ಮರಳು, ಬೆಂಟೊನೈಟ್ ಜೇಡಿ ಮತ್ತು ಸ್ವಲ್ಪ ನೀರು ಬೇಕು. ಎರಕ ತೆಗೆದ ಮೇಲೆ ಆ ಮರಳನ್ನು ಒಡೆದು, ಜರಡಿ ಹಿಡಿದು, ಆಯಸ್ಕಾಂತದಿಂದ ಕಬ್ಬಿಣದ ಚೂರು ತೆಗೆದು ಮತ್ತೆ ಮತ್ತೆ ಬಳಸುತ್ತಾರೆ. ರಾಳ ಸೇರಿಸಿದ ಮರಳಾದರೆ ಬಿಸಿ ಮಾಡಿ ರಾಳವನ್ನು ಸುಟ್ಟು ತೆಗೆಯಬೇಕು. ಹೀಗೆ ಮಾಡಿದಷ್ಟೂ ಹೊಸ ಮರಳು ಉಳಿಯುತ್ತದೆ, ರಸ್ತೆ ಬದಿಯ ಕಪ್ಪು ಮರಳಿನ ಗುಡ್ಡೆ ಕಡಿಮೆಯಾಗುತ್ತದೆ.

ಏನೂ ಬಿಸಾಡದ ಕಸುಬಿನ ಹಳೆಯ ಉದಾಹರಣೆ ಬೇಕಾದರೆ ಬೆಲ್ಲದ ಗಾಣಕ್ಕೆ ಹೋಗಿ. ಕಬ್ಬಿನ ಹಾಲು ಕಾಯಿಸಲು ಅದೇ ಕಬ್ಬಿನ ಸಿಪ್ಪೆಯೇ ಉರುವಲು. ಸಕ್ಕರೆ ಕಾರ್ಖಾನೆಯದೂ ಇದೇ ದಾರಿ. 1 ಟನ್ ಕಬ್ಬು ಅರೆದರೆ ಸುಮಾರು 300 ಕಿಲೋ ಬಗ್ಯಾಸ್ ಬರುತ್ತದೆ. ಅದರಿಂದ ಬಾಯ್ಲರ್ ಉರಿದು ವಿದ್ಯುತ್ತೂ ಆಗುತ್ತದೆ. ಸುಮಾರು 40 ಕಿಲೋ ಕಾಕಂಬಿಯಿಂದ ಇಥೆನಾಲ್, 30ರಿಂದ 40 ಕಿಲೋ ಪ್ರೆಸ್‌ಮಡ್‌ನಿಂದ ಹೊಲಕ್ಕೆ ಗೊಬ್ಬರ. ಗಡಹಿಂಗ್ಲಜದಂಥ ಊರಿಗೆ ದೊಡ್ಡ ನಗರಗಳಿಗೆ ಇಲ್ಲದ ಒಂದು ಅನುಕೂಲ ಇದೆ. ಊರು ಮುಗಿದಲ್ಲೇ ಹೊಲ ಶುರು. ಸಂತೆಯ ತರಕಾರಿ ಕಸ ಗೊಬ್ಬರವಾದರೆ ಅದನ್ನು ಒಯ್ಯಲು ದೂರದ ಸಾಗಣೆ ಬೇಕಿಲ್ಲ. ಆದರೆ ಆ ಗೊಬ್ಬರದಲ್ಲಿ ಗಾಜಿನ ಚೂರು, ಗುಟ್ಕಾ ಚೀಟಿ, ಬ್ಲೇಡು ಸಿಕ್ಕರೆ ರೈತ ಇನ್ನೊಮ್ಮೆ ಕೊಳ್ಳುವುದಿಲ್ಲ. ಬೆರೆಸದೆ ಕೊಡುವುದು ಪಟ್ಟಣದವರ ಪಾಲಿನ ಕೆಲಸ.

ಎಲ್ಲವೂ ಮರುಬಳಕೆ ಆಗುತ್ತದೆಯೇ?

ಇಲ್ಲ. ಚಿಪ್ಸ್ ಪಾಕೀಟನ್ನು ಬಿಡಿಸಿ ನೋಡಿ. ಒಳಗೆ ಬೆಳ್ಳಿಯಂತೆ ಹೊಳೆಯುವ ಲೋಹದ ತೆಳು ಲೇಪ, ಹೊರಗೆ ಅಚ್ಚಿನ ಬಣ್ಣ, ನಡುವೆ ಪ್ಲಾಸ್ಟಿಕ್. ಇವನ್ನು ಬಿಡಿಸುವುದು ಬಹಳ ಕಷ್ಟ, ಖರ್ಚೂ ಹೆಚ್ಚು. ಆದ್ದರಿಂದ ಭಂಗಾರದವನು ಇದನ್ನು ಮುಟ್ಟುವುದಿಲ್ಲ. ಇಂಥವಕ್ಕೆ ಒಳ್ಳೆಯ ಉಪಾಯ ಕಡಿಮೆ ಕೊಳ್ಳುವುದು. ಮಹಾರಾಷ್ಟ್ರ ಸರ್ಕಾರ 2018ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಚೀಲ ಮತ್ತು ಥರ್ಮಾಕೋಲ್ ತಟ್ಟೆಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ. ಕಾಯಿಪಲ್ಲೆಗೆ ಬಟ್ಟೆಯ ಚೀಲ ಒಯ್ಯುವುದು ಇಚಲಕರಂಜಿಯಂಥ ಬಟ್ಟೆಯ ಊರಿನ ಪಕ್ಕದಲ್ಲಿರುವ ನಮಗೆ ಭಾರವಾಗಬಾರದು.

ಇನ್ನೊಂದು ಮಾತು. ನಾವು ಬೆರೆಸಿ ಕೊಟ್ಟ ಕಸವನ್ನು ಕೊನೆಗೆ ಯಾರೋ ಕೈಯಿಂದಲೇ ಬಿಡಿಸುತ್ತಾರೆ. ಅವರಲ್ಲಿ ಬಹಳಷ್ಟು ಜನ ಹೆಣ್ಣುಮಕ್ಕಳು. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ‘ಗಾಜು’ ಅಂತ ಬರೆದು ಕೊಡಿ. ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಕೊಡಿ. ಇದಕ್ಕೆ ಹಣ ಬೇಕಿಲ್ಲ. ಅವರ ಕೈಗೆ ಗಾಯವಾಗುವುದು ತಪ್ಪುತ್ತದೆ.

ಶಾಲೆಯಲ್ಲಿ ಮಾಡಿ ನೋಡಿ

1. ತೇಲುವ ಪ್ಲಾಸ್ಟಿಕ್, ಮುಳುಗುವ ಪ್ಲಾಸ್ಟಿಕ್: ನೀರಿನ ಬಾಟಲಿಯ ಗೋಡೆ, ಅದರ ಮುಚ್ಚಳ, ಹಾಲಿನ ಪಾಕೀಟು, ಪಾರದರ್ಶಕ ಬಾಲ್‌ಪೆನ್ನಿನ ಕೊಳವೆ ಇವುಗಳ ಚಿಕ್ಕ ತುಂಡುಗಳನ್ನು ಶಿಕ್ಷಕರ ಸಹಾಯದಿಂದ ಕತ್ತರಿಸಿ. ಒಂದು ಹನಿ ಸಾಬೂನು ನೀರು ಬೆರೆಸಿದ ನೀರಿನಲ್ಲಿ ಹಾಕಿ ಕದಡಿ. ಮುಚ್ಚಳ ಮತ್ತು ಹಾಲಿನ ಪಾಕೀಟು ತೇಲುತ್ತವೆ, ಬಾಟಲಿ ಮತ್ತು ಪೆನ್ನು ಮುಳುಗುತ್ತವೆ. ಈಗ ಅರ್ಧ ಲೀಟರ್ ನೀರಿಗೆ ಆರು ದೊಡ್ಡ ಚಮಚ ಉಪ್ಪು ಕರಗಿಸಿ ಮತ್ತೆ ನೋಡಿ. ಪಾಲಿಸ್ಟೈರೀನ್‌ನಿಂದ ಮಾಡಿದ ಪೆನ್ನು ಮೇಲೆ ಬರುತ್ತದೆ, ಬಾಟಲಿ ಬರುವುದಿಲ್ಲ. ಯಾಕೆ ಅಂತ ಸಾಂದ್ರತೆಯ ಪಾಠ ತೆಗೆದು ಉತ್ತರಿಸಿ. ಮರುಬಳಕೆ ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ ಬೇರ್ಪಡಿಸುವ ಒಂದು ವಿಧಾನ ಇದೇ.

2. ಮಣ್ಣಿನ ಪರೀಕ್ಷೆ: ಒಂದು ಕುಂಡದ ತೇವದ ಮಣ್ಣಿನಲ್ಲಿ ಬಾಳೆಸಿಪ್ಪೆ, ಕಾಗದ, ಹತ್ತಿ ಬಟ್ಟೆ, ಪಾಲಿಯೆಸ್ಟರ್ ಬಟ್ಟೆ, ಚಿಪ್ಸ್ ಪಾಕೀಟು ಇವುಗಳ ಒಂದೇ ಅಳತೆಯ ತುಂಡು ಹೂಳಿ, ಗುರುತು ಕಡ್ಡಿ ನೆಡಿ. ಎರಡು ವಾರಕ್ಕೊಮ್ಮೆ ತೆಗೆದು ನೋಡಿ ಚಿತ್ರ ಬರೆಯಿರಿ.

3. ಶಾಲೆಯ ಕಸದ ತೂಕ: ಒಂದು ವಾರ ದಿನಾ ಸಂಜೆ ಹಸಿ ಕಸ, ಒಣ ಕಸ ಬೇರೆ ಬೇರೆ ತೂಗಿ ಕೋಷ್ಟಕ ಮಾಡಿ. ಬಿಸಿಯೂಟದ ದಿನ ಮತ್ತು ರಜೆಯ ಮುಂಚಿನ ದಿನ ಏನು ವ್ಯತ್ಯಾಸ? ಮುಂದಿನ ವಾರ ಹಸಿ ಕಸವನ್ನು ಗೊಬ್ಬರದ ಗುಂಡಿಗೆ ಹಾಕಿ, ಘಂಟಾಗಾಡಿಗೆ ಎಷ್ಟು ಕಿಲೋ ಕಡಿಮೆ ಹೋಯಿತು ಅಂತ ಲೆಕ್ಕ ಹಾಕಿ.

ಆ ಲೆಕ್ಕವನ್ನು ಶಾಲೆಯ ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ತಂದೆ-ತಾಯಿಯರು, ಅಂಗಡಿಯ ಕಾಕಾ, ನಗರಸೇವಕರು ಯಾರು ಶಾಲೆಗೆ ಬಂದರೂ ಅದು ಅವರ ಕಣ್ಣಿಗೆ ಬೀಳಲಿ. ಅಂಕಿ ಇದ್ದಲ್ಲಿ ಮಾತಿಗೆ ತೂಕ ಬರುತ್ತದೆ.